ಬಯಲುಸೀಮೆಯಲ್ಲೊಂದು ದೋಣಿಯ ನೆಲೆ

ಚಿತ್ರದುರ್ಗದ ಸೀಮೆಯಲ್ಲಿ ಹಾಯಿದೋಣಿಯೊಂದಕ್ಕೆ ನೆಲೆಯನ್ನೂ ಅದನ್ನು ದುರಸ್ತಿ ಮಾಡಬಲ್ಲ ಕಸಬುದಾರರನ್ನೂ ಹುಡುಕಿಕೊಂಡು ನಾವು ನಾಲ್ಕು ಊರು ಅಲೆದೆವೆಂದು ಹೇಳಿದರೆ ವಾಚಕರು ನಗಬಹುದು. ನಕ್ಕರೆ ನಮಗೆ ಬೇಸರವಿಲ್ಲ. ಈ ಸೀಮೆಯ ಹೆಸರನ್ನೆತ್ತಿದೊಡನೆ ಮನಸ್ಸಿಗೆ ಬರುವುದು ಬಂಡೆಗಲ್ಲು, ಕುರುಚಲು ಕಾಡು, ಶೇಂಗಾದ ಹೊಲ, ಮುಗಿಲು ನೋಡುತ್ತ ನಿಂತ ರೈತ. ದುರ್ಗದ ಪೂರ್ವಿಕರು ಬೆಟ್ಟದ ಮೇಲೆ ಬಿದ್ದ ಮಳೆಯನ್ನು ಸುಮ್ಮನೆ ಹರಿಯಬಿಡದೆ ಗೋಪಾಲಸ್ವಾಮಿ ಹೊಂಡದಲ್ಲಿಯೂ ಅಕ್ಕ-ತಂಗಿಯರ ಹೊಂಡದಲ್ಲಿಯೂ ಹಿಡಿದು, ತುಂಬಿ ಮಿಕ್ಕುದನ್ನು ಕೆಳಗಿನ ಸಿಹಿನೀರು ಹೊಂಡಕ್ಕೂ ಸಂತೆಹೊಂಡಕ್ಕೂ ಇಳಿಸಿಕೊಂಡು ಬದುಕಿದವರು. ಅಂಥವರ ಊರಿನಲ್ಲಿ ಬೆಳೆದ ನಮಗೆ ನೀರೆಂದರೆ ಕೊಡದಲ್ಲಿ ತುಂಬಿಡುವ ಪದಾರ್ಥ. ಅದರ ಮೇಲೆ ತೇಲಿ ಸಂತೋಷಪಡಬಹುದೆಂಬುದು ನಮಗೆ ತಿಳಿದದ್ದು ನಮ್ಮ ಭಾವನವರಿಂದ.

ನಮ್ಮ ಅಕ್ಕನನ್ನು ಕೊಟ್ಟದ್ದು ಕರಾವಳಿಗೆ. ಭಾವನವರು ಮೂವತ್ತೈದು ವರ್ಷ ಸರಕುಹಡಗುಗಳಲ್ಲಿ ದುಡಿದು ವಿಶ್ರಾಂತಿ ಪಡೆದವರು. ಉಳಿದ ದಿನಗಳನ್ನು ತವರಿನ ಬಳಿಯಲ್ಲಿ ಕಳೆಯಬೇಕೆಂಬ ಅಕ್ಕನ ಬಯಕೆಗೆ ಒಪ್ಪಿ ಅವರು ಚಿತ್ರದುರ್ಗಕ್ಕೆ ಬಂದು ಮನೆ ಮಾಡಿದರು. ಆದರೆ ಕಣ್ಣಿಗೆ ನೀರು ಕಾಣದ ಊರಿನಲ್ಲಿ ಅವರಿಗೆ ಹೊತ್ತು ಹೋಗದಾಯಿತು. ಊಟ ಕಡಮೆಯಾಯಿತು, ಮಾತು ಅದಕ್ಕಿಂತಲೂ ಕಡಮೆಯಾಯಿತು. ಸಂಜೆಯ ಹೊತ್ತು ಮಹಡಿಯ ಮೇಲೆ ನಿಂತು, ಜೋಗಿಮಟ್ಟಿಯ ಕಡೆಯ ಗುಡ್ಡಗಳ ನೆತ್ತಿಯಲ್ಲಿ ತಿರುಗುವ ಗಾಳಿಯಂತ್ರಗಳನ್ನು ನೋಡುತ್ತ, "ನಿಮ್ಮೂರಿನಲ್ಲಿ ಗಾಳಿಗೆ ಬರವಿಲ್ಲ, ನೀರಿಗೆ ಮಾತ್ರ ಬರ" ಎನ್ನುತ್ತಿದ್ದರು. ಅಕ್ಕ ಒಳಗೆ ಹೋಗಿ ಕಣ್ಣೊರಸಿಕೊಳ್ಳುತ್ತಿದ್ದಳು.

ಹೀಗಿರುವಾಗ 2022ರ ಸೆಪ್ಟೆಂಬರಿನಲ್ಲಿ ವಾಣೀವಿಲಾಸ ಸಾಗರ ಕೋಡಿ ಬಿದ್ದಿತೆಂಬ ಸುದ್ದಿ ಬಂದಿತು. ಜಿಲ್ಲೆಗೆ ಜಿಲ್ಲೆಯೇ ಅದನ್ನು ನೋಡಲು ಹೊರಟಿತು, ನಾವೂ ಹೊರಟೆವು. ಹಿರಿಯೂರಿನಿಂದ ಸುಮಾರು ಇಪ್ಪತ್ತು ಕಿಲೋಮೀಟರು ದೂರದ ಮಾರಿಕಣಿವೆಯಲ್ಲಿ, ವೇದಾವತಿಯು ಗುಡ್ಡಗಳನ್ನು ಸೀಳಿಕೊಂಡು ಹೊರಬರುವ ಇಕ್ಕಟ್ಟಾದ ಕಂಡಿಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟೆಯಿದು, 1907ರಲ್ಲಿ ಮುಗಿಯಿತು. 1895ರಿಂದ 1902ರ ವರೆಗೆ ಬಾಲಕ ಮಹಾರಾಜರ ಪರವಾಗಿ ಮೈಸೂರು ರಾಜ್ಯವನ್ನಾಳಿದ ವಾಣೀವಿಲಾಸ ಸನ್ನಿಧಾನದ ಮಹಾರಾಣಿ ಕೆಂಪನಂಜಮ್ಮಣ್ಣಿಯವರ ಹೆಸರನ್ನು ಇದಕ್ಕೆ ಇಟ್ಟರು. ತುಂಬಿದಾಗ ಇದರ ಮಟ್ಟ 130 ಅಡಿ. ಹಿಡಿಯುವ ನೀರು 30 ಟಿ.ಎಂ.ಸಿ.ಗೂ ಸ್ವಲ್ಪ ಹೆಚ್ಚು. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ ಎಂಬುದನ್ನು ನೆನೆದರೆ ಇದರ ಹಿರಿಮೆ ತಿಳಿದೀತು. ಆದರೆ ತುಂಬುವುದೆಂಬುದೇ ಅಪೂರ್ವ. ಹಿಂದೆ 1933ರಲ್ಲಿ ಒಮ್ಮೆ ತುಂಬಿ ಹರಿದಿದ್ದ ಈ ಜಲಾಶಯ ಮತ್ತೆ ತುಂಬಿ ಹರಿಯಲು 89 ವರ್ಷ ಹಿಡಿಯಿತು. ಬಾಬಾಬುಡನ್‌ಗಿರಿಯ ಕಡೆ ಹುಟ್ಟಿ ಕಡೂರು ಸೀಮೆಯನ್ನು ದಾಟಿ ಬರುವ ವೇದಾವತಿ ದಾರಿಯ ಕೆರೆಗಳನ್ನು ತುಂಬಿಸಿ ಇಲ್ಲಿಗೆ ಬರುವಷ್ಟರಲ್ಲಿ ಬಡವಾಗುವುದು. 2019ರಿಂದ ಈಚೆಗೆ ಭದ್ರಾ ಮೇಲ್ದಂಡೆ ಯೋಜನೆಯ ನೀರೂ ಅಜ್ಜಂಪುರದ ಸುರಂಗದ ಮೂಲಕ ಬಂದು ಸೇರತೊಡಗಿದ ಮೇಲೆ ಇದರ ಭಾಗ್ಯ ತೆರೆಯಿತು.

ಅಣೆಕಟ್ಟೆಯ ಮೇಲೆ ನಿಂತ ಭಾವನವರು ಬಹಳ ಹೊತ್ತು ಮಾತಾಡಲಿಲ್ಲ. ಬಳಿಕ, "ಇಲ್ಲಿ ಹಾಯಿ ಬಿಚ್ಚಬಹುದು" ಎಂದರು. ಆ ರಾತ್ರಿ ಅವರು ಎರಡು ರೊಟ್ಟಿ ಹೆಚ್ಚಾಗಿ ತಿಂದರೆಂದು ಅಕ್ಕ ನಮಗೆ ಗುಟ್ಟಾಗಿ ತಿಳಿಸಿದಳು.

ಮೂರು ತಿಂಗಳು ಕಳೆಯುವುದರೊಳಗಾಗಿ ಕರಾವಳಿಯಿಂದ ಹದಿನೆಂಟು ಅಡಿಯ ಹಳೆಯ ಮರದ ದೋಣಿಯೊಂದು ಲಾರಿಯ ಮೇಲೆ ಘಟ್ಟ ಹತ್ತಿ ಬಂದಿತು. ಒಂದು ಕೂವೆಮರ, ಒಂದು ಹಾಯಿ, ಒಂದು ಚುಕ್ಕಾಣಿ. ಮುಂಭಾಗದಲ್ಲಿ ಇಬ್ಬರು ಮುದುರಿ ಮಲಗಬಹುದಾದ ಗೂಡು. ನಾಲ್ಕು ದಿನದ ಬುತ್ತಿ ಕಟ್ಟಿಕೊಂಡು ಸಾಗರದ ಮೂಲೆಮೂಲೆಗಳನ್ನು ನೋಡಿ ಬರಬೇಕೆಂಬುದು ಭಾವನವರ ಯೋಚನೆ. ಅವರ ಹನ್ನೊಂದು ವರ್ಷದ ಮೊಮ್ಮಗಳಂತೂ ಆ ದೋಣಿಗೆ 'ತಾರಿಣಿ' ಎಂದೇ ಹೆಸರಿಟ್ಟಳು. 2017ರ ಸೆಪ್ಟೆಂಬರಿನಲ್ಲಿ ಗೋವೆಯಿಂದ ಹೊರಟು 2018ರ ಮೇ ತಿಂಗಳಲ್ಲಿ ಭೂಮಂಡಲವನ್ನು ಸುತ್ತಿ ಬಂದ ನಮ್ಮ ನೌಕಾಪಡೆಯ ಆರು ಮಂದಿ ಹೆಣ್ಣುಮಕ್ಕಳ ಹಾಯಿಹಡಗಿನ ಹೆಸರು ಅದು.

ಅಪ್ಪಣೆಗಾಗಿ ಬರೆದುಕೊಂಡೆವು, ತಡವಾದರೂ ದೊರೆಯಿತು. ಅಣೆಕಟ್ಟೆಯ ಬಳಿಗೆ ಹೋಗಕೂಡದು, ಎಂಜಿನ್ ಹೂಡಕೂಡದು, ಕತ್ತಲಾದ ಮೇಲೆ ನಡೆಸಕೂಡದು ಎಂಬ ಕಟ್ಟುಗಳಿದ್ದುವು. ಮೊದಲು ತಕರಾರು ಎತ್ತಿದವಳು ಅಕ್ಕ. "ಚಿತ್ರದುರ್ಗ, ಹಿರಿಯೂರು, ಚಳ್ಳಕೆರೆಯವರೆಲ್ಲ ಕುಡಿಯುವ ನೀರು ಅದು. ಅದರ ಮೇಲೆ ನಿಮ್ಮ ಆಟವೇ?" ಎಂದು ಕೇಳಿದಳು. ಭಾವನವರು ಅದನ್ನು ಹಗುರಾಗಿ ಕಾಣಲಿಲ್ಲ. ದೋಣಿಯಿಂದ ಎಂಜಲೆಲೆಯೊಂದೂ ನೀರಿಗೆ ಬೀಳತಕ್ಕದ್ದಲ್ಲವೆಂದೂ, ಬಣ್ಣ ಬಳಿಯುವುದು, ಉಜ್ಜುವುದು, ತೊಳೆಯುವುದು ಎಲ್ಲವೂ ನೀರಿನಿಂದ ದೂರ ನೆಲದ ಮೇಲೆಯೇ ಆಗತಕ್ಕದ್ದೆಂದೂ ಗೊತ್ತುಮಾಡಿದರು. ತೇಲುವ ಜಾಕೀಟು ತೊಡದೆ ಯಾರೂ ದೋಣಿ ಹತ್ತಕೂಡದೆಂಬುದು ಮೂರನೆಯ ಕಟ್ಟಳೆ. ಅದನ್ನು ಮೊದಲು ತೊಟ್ಟು ತೋರಿಸಿದವರು, ಮೂವತ್ತೈದು ವರ್ಷ ಕಡಲಿನಲ್ಲಿ ಕಳೆದ ಅವರೇ.

ಇನ್ನು ನೆಲೆಯ ವಿಷಯ. ದೊಡ್ಡ ಕಡಲತೀರದ ಊರುಗಳಲ್ಲಿ ವಿಹಾರದೋಣಿಗಳಿಗೆಂದೇ ಕಟ್ಟಿದ ತಂಗುದಾಣಗಳಿವೆ. ಅವುಗಳಿಗೆ ಮರೀನಾ ಎನ್ನುವರು. ಕೊಚ್ಚಿಯ ಬೋಲ್ಗಾಟಿ ದ್ವೀಪದಲ್ಲಿ ಅಂಥದೊಂದಿದೆ. ನೀರಿನೊಡನೆ ಏರಿ ನೀರಿನೊಡನೆ ಇಳಿಯುವ ತೇಲುವ ಧಕ್ಕೆ, ದೀಪ, ಕಾವಲು ಎಲ್ಲವೂ ಅಲ್ಲಿ ಒಂದೆಡೆ ದೊರೆಯುವುವು; ಬಡಗಿ, ಹಾಯಿ ಹೊಲಿಯುವವನು, ಕಬ್ಬಿಣದ ಕೆಲಸದವನು ಕೂಗಳತೆಯಲ್ಲಿರುವರು. ನಮ್ಮ ಬಯಲುಸೀಮೆಯಲ್ಲಿ ಇವನ್ನೆಲ್ಲ ನಾವೇ ಕೂಡಿಸಿಕೊಳ್ಳಬೇಕು. ಹೊಸದುರ್ಗದ ಕಡೆಯ ಹಿನ್ನೀರಿನಲ್ಲಿ ಒಂದು ಜಾಗ ನಮಗೆ ಬಹಳ ಮೆಚ್ಚಿಗೆಯಾಯಿತು. ರಸ್ತೆ ನೀರಿನವರೆಗೂ ಬರುತ್ತಿತ್ತು, ದಡ ಮೆತ್ತಗೆ ಇಳಿದಿತ್ತು, ಅಲೆಯಿರಲಿಲ್ಲ. ಸೊಂಟಮಟ್ಟದ ನೀರಿನಲ್ಲಿ ನಿಂತಿದ್ದ ತೆಂಗಿನ ಮರಕ್ಕೆ ಹಗ್ಗ ಬಿಗಿದೆವು. ಇಷ್ಟು ಸುಲಭವಾಗಿ ನೆಲೆ ಸಿಕ್ಕಿತಲ್ಲಾ ಎಂದು ಹಿಗ್ಗಿದೆವು.

ಒಂದು ವರ್ಷ ಚೆನ್ನಾಗಿಯೇ ನಡೆಯಿತು. ನೀರು ಕೊಂಚ ಕೊಂಚ ಸರಿದಂತೆ ದೋಣಿಯನ್ನೂ ಕೊಂಚ ಕೊಂಚ ಮುಂದಕ್ಕೆ ತಳ್ಳಿ, ಮುಂದಿನ ಮರಕ್ಕೆ ಕಟ್ಟುತ್ತಿದ್ದೆವು. 2023ರಲ್ಲಿ ಮಳೆ ಕೈಕೊಟ್ಟು ನಾಡಿನ ಬಹುಭಾಗ ಬರಕ್ಕೆ ಸಿಕ್ಕಿತು. 2024ರ ಬೇಸಗೆಯಲ್ಲಿ ಭಾವನವರಿಗೆ ಕಣ್ಣಿನ ಶಸ್ತ್ರಚಿಕಿತ್ಸೆಯಾಗಿ ಆರು ವಾರ ನಾವು ಆ ಕಡೆಗೆ ಹೋಗಲಿಲ್ಲ. ಹೋದ ದಿನ ಕಂಡ ನೋಟವನ್ನು ಮರೆಯಲಾರೆವು. ನೀರು ಎರಡು ಫರ್ಲಾಂಗಿನಾಚೆ ಮಿನುಗುತ್ತಿತ್ತು. ನಮ್ಮ ದೋಣಿ ಬಿರುಕುಬಿಟ್ಟ ಕೆಸರಿನ ಮೇಲೆ, ಅಡಕೆಯ ಮೋಟುಗಳ ನಡುವೆ, ಒಂದು ಮಗ್ಗುಲಿಗೆ ಒರಗಿ ಮಲಗಿತ್ತು. ಬಿಸಿಲಿಗೆ ಹಲಗೆಗಳು ಒಣಗಿ ಬಾಯಿಬಿಟ್ಟು, ಒಳಗೆ ಕುಳಿತರೆ ಹೊರಗಿನ ಬೆಳಕು ಗೆರೆಗೆರೆಯಾಗಿ ಕಾಣುತ್ತಿತ್ತು. ಚುಕ್ಕಾಣಿಯ ಕೀಲು ಮುರಿದಿತ್ತು. ಹಾಯಿಯ ಬಟ್ಟೆ ಬೆರಳಿಟ್ಟರೆ ಹರಿಯುವಂತಾಗಿತ್ತು. ಭಾವನವರು ಅದರ ಪಕ್ಕದಲ್ಲಿ ಕುಳಿತುಬಿಟ್ಟರು. ತಪ್ಪು ಬೇರೆ ಯಾರದೂ ಅಲ್ಲ, ನಮ್ಮದೇ. ಸಮುದ್ರದ ನೀರು ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುವುದರಿಂದ ಅಲ್ಲಿಯ ದೋಣಿಗಾರನಿಗೆ ಇಳಿತದ ಮಟ್ಟ ಪ್ರತಿದಿನವೂ ಕಾಣುತ್ತದೆ. ಜಲಾಶಯದ ಇಳಿತಕ್ಕೆ ವರ್ಷಗಳೇ ಹಿಡಿಯುವುವು. ನಾವು ಉಬ್ಬರವನ್ನು ಮಾತ್ರ ನೋಡಿ ನೆಲೆ ಆರಿಸಿದ್ದೆವು.

ಅಷ್ಟರಲ್ಲಿ ವಯಸ್ಸಾದ ಹೆಂಗಸೊಬ್ಬರು ಕೆಸರಿನ ಏರಿಯ ಮೇಲೆ ಬಂದು ನಿಂತರು. "ದೋಣಿ ಕಟ್ಟಿದೋರು ನೀವೇನಪ್ಪಾ? ಅದು ನಮ್ಮ ತೆಂಗಿನ ಮರ" ಎಂದರು.

ನಾವು ಸುತ್ತಲೂ ನೋಡಿದೆವು. ಅದುವರೆಗೆ ದೋಣಿ ಕಟ್ಟುವ ಗೂಟಗಳಂತೆ ಕಂಡಿದ್ದ ಮರಗಳು ಸಾಲುಸಾಲಾಗಿ ನಿಂತ ಒಂದು ತೋಟವಾಗಿ ಈಗ ಕಂಡುವು. ತಲೆಯಿಲ್ಲದ ತೆಂಗುಗಳು, ಕೊಳೆತು ಮುರಿದ ಅಡಕೆಯ ಗಿಡಗಳು, ಮಧ್ಯದಲ್ಲಿ ಹೂಳು ತುಂಬಿದ ಒಂದು ಬಾವಿಯ ಕಟ್ಟೆ. 2022ರಲ್ಲಿ ಸಾಗರ ತುಂಬಿತೆಂದು ನಾವು ಹಿರಿಯೂರಿನ ಕಡೆ ನಿಂತು ಕೈಮುಗಿಯುತ್ತಿದ್ದ ದಿನಗಳಲ್ಲಿ ಹೊಸದುರ್ಗದ ಕಡೆಯ ಹಿನ್ನೀರಿನ ಹಳ್ಳಿಗಳಲ್ಲಿ ತೋಟಗಳೂ ಹೊಲಗಳೂ ನೀರಿನ ಪಾಲಾಗುತ್ತಿದ್ದುವು. ಕೋಡಿಯ ಎತ್ತರವನ್ನು ಇಳಿಸಬೇಕೆಂದು ಅಲ್ಲಿಯ ರೈತರೂ, ಇಳಿಸಕೂಡದೆಂದು ಕೆಳಗಿನ ರೈತರೂ ಹೇಳಿದುದನ್ನು ಪತ್ರಿಕೆಯಲ್ಲಿ ಓದಿದ್ದೆವು; ಓದಿ ಮರೆತಿದ್ದೆವು.

ನಾವು ಕ್ಷಮೆ ಕೇಳಿದೆವು. "ಕಟ್ಟಿದ್ದಕ್ಕೆ ಏನಿಲ್ಲ. ಸತ್ತ ಮರ ಅದು, ಯಾರಿಗಾದರೂ ಉಪಯೋಗಕ್ಕೆ ಬಂದರೆ ಬರಲಿ. ಮನೆ ಅಲ್ಲೇ ಮೇಲಿತ್ತು, ಒಂದು ಮಾತು ಕೇಳಬಹುದಿತ್ತು" ಎಂದರು ಆ ತಾಯಿ. ಭಾವನವರು ಎದ್ದು ನಿಂತು ಕೈಮುಗಿದರು. ಮೇಲಕ್ಕೆ ಕರೆದುಕೊಂಡು ಹೋಗಿ ಆಕೆ ನಮಗೆ ಮಜ್ಜಿಗೆ ಕೊಟ್ಟರು. ತೋಟ ಹೋದ ಮೇಲೆ ಅತ್ತೆ-ಸೊಸೆಯರಿಬ್ಬರೂ ತೆಂಗಿನ ನಾರನ್ನು ತಂದು ಹಗ್ಗ ಹೊಸೆಯುತ್ತಿದ್ದರು. ಭಾವನವರು ಒಂದು ಎಳೆಯನ್ನು ತೆಗೆದು ಎಳೆದು ನೋಡಿ, ಹೊರಡುವಾಗ ದೋಣಿಗೆ ಬೇಕಾದ ಹಗ್ಗವನ್ನು ಅಲ್ಲಿಯೇ ಹೇಳಿಟ್ಟರು. ಕನಿಕರದಿಂದ ಕೊಂಡದ್ದಲ್ಲ, ನಾರಿನ ಹಗ್ಗ ಅಲೆಯ ಎಳೆತಕ್ಕೆ ತುಸು ಹಿಗ್ಗಿ ಕೊಡುವುದರಿಂದ ದೋಣಿಯ ಗೂಟಕ್ಕೆ ಪೆಟ್ಟು ಬೀಳದು, ನೀರಿನ ಮೇಲೆ ತೇಲುವುದೂ ಉಂಟು ಎಂದು ಅವರು ನಮಗೆ ದಾರಿಯಲ್ಲಿ ವಿವರಿಸಿದರು.

ದೋಣಿಯನ್ನು ಲಾರಿಗೆ ಏರಿಸಿ ಊರಿಗೆ ತಂದುದಾಯಿತು. ಇನ್ನು ಅದನ್ನು ಉಳಿಸಬಲ್ಲವರು ಯಾರು? ಮೊದಲು ತೋರಿಸಿದ ಬಡಗಿಯೊಬ್ಬ, ಹೆಸರು ಬೇಡ, ದೋಣಿಯನ್ನು ಒಮ್ಮೆ ಸುತ್ತಿ ಬಂದು, ಸಂದುಗಳಿಗೆಲ್ಲ ಗಟ್ಟಿಯಾದ ಲಪ್ಪ ಮೆತ್ತಿ ಬಣ್ಣ ಬಳಿದರೆ ಎರಡು ದಿನದ ಕೆಲಸವೆಂದು ಹೇಳಿದ. ಬೆಲೆಯೂ ಕಡಮೆಯಿತ್ತು. ನಮಗೆ ಒಪ್ಪಿಗೆಯಾಗಿತ್ತು, ಭಾವನವರಿಗೆ ಆಗಲಿಲ್ಲ. "ಅವನು ನಮ್ಮನ್ನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲವಲ್ಲ" ಎಂದರು.

ಹೊಳಲ್ಕೆರೆಯಲ್ಲಿ ನೆಂಟರ ಮನೆಯ ಮದುವೆಗೆಂದು ಹೋದಾಗ, ಬಯಲು ಗಣಪತಿಗೆ ಕಾಯಿ ಒಡೆಸಿಕೊಂಡು ಬರುತ್ತಿದ್ದವರಿಗೆ, ಹಳೆಯ ಗಾಡಿಯ ಚಕ್ರಗಳನ್ನು ಒರಗಿಸಿದ್ದ ಕೊಟ್ಟಿಗೆಯೊಂದು ಕಣ್ಣಿಗೆ ಬಿದ್ದಿತು. ಒಳಗಿದ್ದ ಮುದುಕ ಬಡಗಿ ದೋಣಿಯನ್ನು ಹುಟ್ಟಿದಾಗಿನಿಂದ ಕಂಡವನಲ್ಲ. ಆದರೆ ಕೇಳಿದ ಪ್ರಶ್ನೆಗಳು ಹತ್ತು. ಯಾವ ಮರ? ಎಷ್ಟು ದಿನ ಬಿಸಿಲಿನಲ್ಲಿತ್ತು? ಒಣಗುವ ಮೊದಲು ನೀರು ಕುಡಿಯುತ್ತಿತ್ತೇ? ಹಲಗೆಯ ಮೊಳೆ ತಾಮ್ರದ್ದೋ ಕಬ್ಬಿಣದ್ದೋ? ಕೊನೆಗೆ ಅವನು ಹೇಳಿದ ಮಾತು ಇದು: "ಸ್ವಾಮಿ, ಗಾಡಿ ಚಕ್ರ ಬೇಸಗೆಯಲ್ಲಿ ಒಣಗಿ ಸಡಿಲವಾದರೆ ನಾವು ಮೊದಲು ಬೆಣೆ ಹೊಡೆಯೋದಿಲ್ಲ, ಹಳ್ಳದ ನೀರಿನಲ್ಲಿ ನೆನೆಹಾಕುತ್ತೇವೆ. ಮರ ಉಬ್ಬಿ ತಾನೇ ಕೂಡಿಕೊಳ್ಳುತ್ತದೆ. ಒಣಗಿದ ಸಂದಿಗೆ ಗಟ್ಟಿ ಲಪ್ಪ ತುಂಬಿದರೆ, ನಾಳೆ ಮರ ಉಬ್ಬಿದಾಗ ಅದಕ್ಕೆ ಜಾಗವೆಲ್ಲಿ? ಲಪ್ಪವನ್ನಾದರೂ ಹೊರಗೆ ತಳ್ಳಬೇಕು, ಇಲ್ಲ ಹಲಗೆಯೇ ಸೀಳಬೇಕು. ಎಂಟು ದಿನ ನೆನೆಹಾಕಿ. ಆಮೇಲೂ ತೆರೆದಿರುವ ಸಂದಿ ಯಾವುದೋ ಅದು ನನ್ನ ಕೆಲಸ. ಅದುವರೆಗೆ ನನಗೆ ಕೂಲಿ ಬೇಡ."

ಭಾವನವರು ನಮ್ಮ ಮುಖ ನೋಡಿದರು. ಇದೇ ಮಾತನ್ನು ಕಡಲತೀರದ ದೋಣಿ ಬಡಗಿಗಳಿಂದ ಅವರು ಕೇಳಿದ್ದರಂತೆ. ಒದ್ದೆ ಗೋಣಿಗಳನ್ನು ಒಳಗೂ ಹೊರಗೂ ಹೊದಿಸಿ, ಬೆಳಗ್ಗೆ ಸಂಜೆ ನೀರು ಹನಿಸಿದೆವು. ಪಾತ್ರೆ ತೊಳೆದ ನೀರು, ಬಟ್ಟೆ ಜಾಲಿಸಿದ ನೀರು ಯಾವುದನ್ನೂ ಅಕ್ಕ ಹಾಳುಮಾಡಲಿಲ್ಲ. ಮೂರನೆಯ ದಿನ ಬೆಳಕಿನ ಗೆರೆಗಳು ಸಣ್ಣಗಾದುವು. ಒಂಬತ್ತನೆಯ ದಿನ ಬಹುಪಾಲು ಮಾಯವಾದುವು. ಉಳಿದುವು ನಾಲ್ಕು ಸಂದುಗಳು, ಮತ್ತು ಮೋಟಿನ ಮೇಲೆ ಕುಳಿತು ಸೀಳಿದ್ದ ಒಂದು ಹಲಗೆ. ಮುದುಕ ಬಂದು ಆ ಹಲಗೆಯನ್ನು ಬದಲಿಸಿ, ನಾಲ್ಕು ಸಂದುಗಳಿಗೂ ಹತ್ತಿಯ ಎಳೆಯನ್ನು ಮೆಲ್ಲಗೆ ತುಂಬಿ ಎಣ್ಣೆ ಬೆರೆಸಿದ ರಾಳವನ್ನು ಇಟ್ಟುಕೊಟ್ಟ. ತುಂಬುವಾಗ ಹೆಚ್ಚು ಹೊಡೆಯದಂತೆ ಎಚ್ಚರವಹಿಸಿದುದನ್ನು ನಾವು ಕಣ್ಣಾರೆ ಕಂಡೆವು.

ಹಾಯಿಯ ಕೆಲಸಕ್ಕೆ ಚಿತ್ರದುರ್ಗದಲ್ಲಿ ಷಾಮಿಯಾನ ಹೊಲಿಯುವವರೊಬ್ಬರು ದೊರೆತರು. ಅವರು ಮೊದಲು ಕೇಳಿದ್ದು ಗಾಳಿ ಬಟ್ಟೆಯನ್ನು ಯಾವ ಕಡೆಗೆ ಎಳೆಯುವುದೆಂಬುದನ್ನು. ಷಾಮಿಯಾನ ಹರಿಯುವುದು ನಡುವೆ ಅಲ್ಲ, ಮೂಲೆಯ ಉಂಗುರಗಳಲ್ಲಿ. ಆದುದರಿಂದ ಮೂಲೆಗಳಿಗೆ ಮೂರು ಪದರ ಬಟ್ಟೆ ಕೊಟ್ಟು ಒಂದರ ಮೇಲೊಂದು ಬೇರೆ ಬೇರೆ ಅಳತೆಯಲ್ಲಿ ಹೊಲಿಯುವೆನೆಂದರು. ಹಳೆಯ ಹಾಯಿಯನ್ನು ನೆಲದ ಮೇಲೆ ಹರಡಿ, ಅದರ ಅಂಚಿನ ಬಳುಕನ್ನು ಸೀಮೆಸುಣ್ಣದಿಂದ ಗುರುತಿಸಿಕೊಂಡು, ಅದೇ ಬಳುಕನ್ನು ಹೊಸದಕ್ಕೆ ತಂದರು. ಹೊಲಿಗೆಯವರಿಗೆ ಇದು ದೊಡ್ಡ ವಿಷಯವಲ್ಲದಿರಬಹುದು. ಆ ಬಳುಕಿಲ್ಲದಿದ್ದರೆ ಹಾಯಿ ಗಾಳಿಯನ್ನು ಹಿಡಿಯದೆಂದು ಭಾವನವರು ಹೇಳಿದರು.

ಚುಕ್ಕಾಣಿಯ ಕೀಲಿಗಾಗಿ ಹಿರಿಯೂರಿಗೆ ಹೋದೆವು. ತೇರುಮಲ್ಲೇಶ್ವರನ ಊರಾದ ಹಿರಿಯೂರು ಬೆಂಗಳೂರು-ಪುಣೆ ಹೆದ್ದಾರಿಗೆ ಬಳ್ಳಾರಿಯ ರಸ್ತೆ ಬಂದು ಕೂಡುವ ಸ್ಥಳ. ಲಾರಿ ದುರಸ್ತಿಯವರಿಗೆ ಅಲ್ಲಿ ಬಿಡುವಿಲ್ಲ. ಎಂಥ ಕೀಲನ್ನಾದರೂ ಮಾಡಿಕೊಡುವರು, ಆದರೆ ಒಬ್ಬ ತರುಣ ಮಾತ್ರ, "ನೀರಿನಲ್ಲಿ ಬಿಚ್ಚುವುದಕ್ಕೆ ಬರಬೇಕೋ, ಬೇಡವೋ?" ಎಂದು ಕೇಳಿದ. ಅವನಿಗೇ ಕೆಲಸ ಕೊಟ್ಟೆವು. ಅವನು ಕಾಯುತ್ತಿದ್ದಾಗ ಒಂದು ಬೆರಗನ್ನೂ ಕಂಡೆವು. ಲಾರಿಯ ಹುಡುಗನೊಬ್ಬ ಸರಕಿನ ಮೇಲೆ ಹಗ್ಗ ಬಿಗಿದು ಹಾಕಿದ ಗಂಟನ್ನು ನೋಡಿ ಭಾವನವರು ಹತ್ತಿರ ಹೋಗಿ, "ಇದನ್ನು ಯಾರು ಕಲಿಸಿದರು?" ಎಂದರು. "ನಮ್ಮ ಉಸ್ತಾದ್" ಎಂದ ಹುಡುಗ. ಆ ಗಂಟನ್ನು ಹಡಗಿನವರೂ ಹಾಕುವರಂತೆ. ಇಬ್ಬರೂ ಅರ್ಧ ಗಂಟೆ ಹಗ್ಗ ಹಿಡಿದು ಒಬ್ಬರಿಗೊಬ್ಬರು ಗಂಟು ತೋರಿಸುತ್ತ ನಿಂತರು. ಕಣ್ಣಿನ ಶಸ್ತ್ರಚಿಕಿತ್ಸೆಯಾದಂದಿನಿಂದ ಅವರು ಅಷ್ಟು ನಕ್ಕದ್ದನ್ನು ನಾವು ಕಂಡಿರಲಿಲ್ಲ.

ದೂರದ ಪ್ರಯಾಣಿಕರಿಗೂ ಈ ಕಷ್ಟ ತಪ್ಪಿದ್ದಲ್ಲ. ನೌಕಾಪಡೆಯ ಆ ತಾರಿಣಿ ಕೂಡ ಗೊತ್ತುಮಾಡಿದ ನಾಲ್ಕು ಬಂದರುಗಳಲ್ಲಿ ತಂಗಿದುದಲ್ಲದೆ, ಚುಕ್ಕಾಣಿಯ ಯಂತ್ರ ಕೆಟ್ಟು ಮಾರಿಷಸ್ಸಿನ ಪೋರ್ಟ್ ಲೂಯಿಯಲ್ಲಿ ನಿಲ್ಲಬೇಕಾಯಿತು. ಇದನ್ನು ಓದಿ ಹೇಳಿದವಳು ಮೊಮ್ಮಗಳು. ತನ್ನ ತಾರಿಣಿಯ ಚುಕ್ಕಾಣಿಯೂ ಮುರಿದುದರಿಂದ ಅವಳಿಗೆ ದುಃಖಕ್ಕಿಂತ ಹೆಮ್ಮೆಯೇ ಹೆಚ್ಚಾದಂತಿತ್ತು.

ಇತ್ತ ಹೊಸ ನೆಲೆಯನ್ನು ಹುಡುಕುವ ಕೆಲಸವನ್ನು ಆ ಬೇಸಗೆ ಮುಗಿಯುವ ಮೊದಲೇ, ನೀರು ತಗ್ಗಿರುವಾಗಲೇ ಹಿಡಿದೆವು. ನಮಗೆ ದಾರಿ ತೋರಿದವನು ಹರಿಗೋಲಿನಲ್ಲಿ ಬಲೆ ಬಿಡುವ ಒಬ್ಬ ಅಜ್ಜ. ಬಿದಿರ ಸಲಾಕೆಯನ್ನು ಬುಟ್ಟಿಯಂತೆ ಹೆಣೆದು ಹೊರಮೈಗೆ ನೀರು ಹಿಡಿಯದ ಹೊದಿಕೆ ಹಾಕಿದ ಈ ದುಂಡು ದೋಣಿ ನಮ್ಮ ನಾಡಿಗೆ ಹೊಸತಲ್ಲ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಹೊರಗೆ ಚರ್ಮ ಹೊದಿಸಿದ ಇಂಥ ಬುಟ್ಟಿದೋಣಿಗಳಲ್ಲಿ ಜನರೂ ಕುದುರೆ ಎತ್ತುಗಳೂ ತುಂಗಭದ್ರೆಯನ್ನು ದಾಟುವುದನ್ನು ಬರೆದಿಟ್ಟಿದ್ದಾನೆ. ನೆಲೆಯನ್ನು ಹೇಗೆ ಆರಿಸುವುದೆಂದು ಕೇಳಿದಾಗ ಅಜ್ಜ ನಕ್ಕ: "ನನ್ನ ಧಕ್ಕೆ ನನ್ನ ತಲೆ ಮೇಲೇ ಐತೆ ಸ್ವಾಮಿ. ನೀರು ಎಲ್ಲಿ ಹೋದರೆ ಅಲ್ಲಿಗೆ ಹೊತ್ಕೊಂಡು ಹೋಗ್ತೀನಿ. ನಿಮ್ಮದು ಹೊರೋಕೆ ಆಗಲ್ಲ, ಅದಕ್ಕೇ ನೀವು ಮೊದಲೇ ನೋಡ್ಕಬೇಕು."

ಅವನೊಡನೆ ನಾಲ್ಕು ಬೆಳಗು ನಡೆದೆವು. ನಡೆದದ್ದು ನೀರು ಬಿಟ್ಟುಹೋದ ತಳದ ಮೇಲೆ. ಮುಂದೆ ಮುಳುಗಲಿರುವ ಮೋಟು, ಗೋಡೆ, ಬಾವಿ, ಬಂಡೆ ಎಲ್ಲವೂ ಆಗ ಕಣ್ಣಿಗೆ ಕಾಣುವುವು. ಅವುಗಳನ್ನು ಮೊಮ್ಮಗಳು ನೋಟುಪುಸ್ತಕದಲ್ಲಿ ಗುರುತುಮಾಡಿಕೊಂಡಳು. ಹೀಗೆ ನಡೆದು ನಾವು ಕಲಿತುದನ್ನು, ನಮ್ಮಂತೆ ಯಾವ ಕೆರೆಯಲ್ಲಾದರೂ ದೋಣಿಯಿಡುವವರಿಗೆ ಉಪಯೋಗವಾದೀತೆಂದು ಇಲ್ಲಿ ಹೇಳುತ್ತೇವೆ. ಮೆತ್ತಗೆ ಇಳಿಯುವ ದಡ ಹತ್ತಲು ಸುಖ, ನಿಲ್ಲಲು ಅಪಾಯ. ಒಂದು ಅಡಿ ನೀರು ಇಳಿದರೆ ದಡ ನೂರು ಅಡಿ ಸರಿದುಬಿಡುವುದು. ಕಲ್ಲಿನ ಕಡಿದಾದ ದಡದಲ್ಲಿ ಹತ್ತು ಅಡಿ ಇಳಿದರೂ ಹತ್ತಾರು ಹೆಜ್ಜೆಯಷ್ಟೇ ದೂರ. ಎರಡನೆಯದು ಗಾಳಿ. ಜೂನಿನಿಂದ ಆಗಸ್ಟಿನವರೆಗೆ ಪಡುವಣ ಮತ್ತು ನೈಋತ್ಯದ ಗಾಳಿ ಬಲವಾಗಿರುವುದರಿಂದ ದೋಣಿ ಗುಡ್ಡದ ಮೂಡಣ ಮಗ್ಗುಲಿನಲ್ಲಿ ಮರೆಯಾಗಿರಬೇಕು. ಆದರೆ ಎರಡು ಗುಡ್ಡಗಳ ನಡುವಣ ಸಂದಿಗೆ ಎದುರಾಗಿರಕೂಡದು, ಅಲ್ಲಿ ಗಾಳಿ ಇದ್ದಕ್ಕಿದ್ದಂತೆ ನುಗ್ಗಿ ಹಾಯಿಯನ್ನು ಬಡಿಯುವುದು. ಮೂರನೆಯದು ಎಲ್ಲಕ್ಕಿಂತ ದೊಡ್ಡದು: ಹತ್ತಿರದಲ್ಲಿ ಒಂದು ಮನೆಯಿರಬೇಕು, ಮತ್ತು ಆ ಮನೆಯವರು ನಮ್ಮನ್ನು ಬಲ್ಲವರಾಗಿರಬೇಕು. ಮೊದಲನೆಯ ನೆಲೆಯಲ್ಲಿಯೂ ಒಂದು ಮನೆಯಿತ್ತು. ನಾವು ಅದರ ಬಾಗಿಲು ತಟ್ಟಿರಲಿಲ್ಲ. ಆದುದರಿಂದ ನೀರು ಸರಿದ ಸುದ್ದಿಯನ್ನು ನಮಗೆ ಕೊಡುವವರಿರಲಿಲ್ಲ.

ಇವೆಲ್ಲ ಕೂಡಿಬಂದ ಸ್ಥಳವೊಂದು ಅಜ್ಜನ ಗುಡಿಸಲಿನ ಕೆಳಗೇ ಇತ್ತು. ರಸ್ತೆಯಿಂದ ಅರ್ಧ ಮೈಲಿ ಕಾಲುದಾರಿ; ಅಕ್ಕನ ಮಂಡಿಗೆ ಅದು ಶಿಕ್ಷೆಯೇ ಸರಿ. ಆದರೂ ಅವಳೇ ಮುಂದಾಗಿ ಆಗಲಿ ಎಂದಳು. ದೋಣಿಯನ್ನು ನೋಡಿಕೊಳ್ಳುವುದಕ್ಕೆ ಅಜ್ಜನ ಮನೆಗೆ ತಿಂಗಳಿಗಿಷ್ಟೆಂದು ಗೊತ್ತುಮಾಡಿದೆವು. ಭಕ್ಷೀಸು ಕೊಡುವುದಕ್ಕೆ ಭಾವನವರು ಒಪ್ಪಲಿಲ್ಲ. ಕೈಗೆ ಬಂದಾಗ ಕೊಟ್ಟದ್ದು ದಾನವಾಗುವುದು, ಗೊತ್ತಾದ ದಿನ ಕೊಟ್ಟದ್ದು ಸಂಬಳವಾಗುವುದು. ಸಂಬಳ ಪಡೆದವನು ನಮ್ಮನ್ನು ಗದರಿಸಿ ಹೇಳಬಲ್ಲ ಎಂಬುದು ಅವರ ಅಭಿಪ್ರಾಯ. ಅಜ್ಜ ಆ ಅಧಿಕಾರವನ್ನು ಚೆನ್ನಾಗಿಯೇ ಚಲಾಯಿಸಿದ. ಮಳೆಗಾಲದ ಒಂದು ಮಧ್ಯಾಹ್ನ ಎಲ್ಲರೂ ಜಾಕೀಟು ತೊಟ್ಟು ಸಿದ್ಧರಾಗಿದ್ದಾಗ, ಗುಡ್ಡದ ನೆತ್ತಿಯ ಮೋಡವನ್ನು ನೋಡಿ, "ಇವತ್ತು ಬ್ಯಾಡ" ಎಂದ. ಭಾವನವರು ಮರುಮಾತಾಡದೆ ಹಾಯಿ ಮಡಿಸಿದರು. ಅರ್ಧ ಗಂಟೆಯೊಳಗೆ ನೀರು ಬೆಳ್ಳಗೆ ಕುದಿಯಿತು. ಅಂದಿನಿಂದ ಅಕ್ಕನಿಗೆ ಮೊಮ್ಮಗಳ ವಿಷಯದ ಚಿಂತೆ ಕಳೆಯಿತು.

ಅಜ್ಜ ಆ ಬೇಸಗೆಯಲ್ಲಿ ಇನ್ನೊಂದು ಕೆಲಸ ಮಾಡಿದ್ದ. ನೀರು ಅತ್ಯಂತ ತಗ್ಗಿದ್ದ ದಿನ, ದಡದ ಬಂಡೆಯೊಂದರ ಮೇಲೆ ಸುತ್ತಿಗೆಯಿಂದ ಗೀರೊಂದನ್ನು ಕೊರೆದು, "ಇಲ್ಲಿಗೆ ಇಳಿದರೂ ನಿಮ್ಮ ದೋಣಿ ತೇಲಬೇಕು, ಹಂಗೆ ಲಂಗರು ಹಾಕಿ" ಎಂದಿದ್ದ. ಆ ಗೀರನ್ನೇ ಲೆಕ್ಕವಾಗಿಟ್ಟುಕೊಂಡು ಅದಕ್ಕೂ ಆರಡಿ ಆಳದಲ್ಲಿ ಲಂಗರಿನ ಕಲ್ಲನ್ನು ಇಟ್ಟೆವು. ಏರುವ ನೀರಿಗೂ ಸಾಲುವಷ್ಟು ಉದ್ದದ ಹಗ್ಗ ಹೊಸದುರ್ಗದ ಆ ತಾಯಿಯ ಮನೆಯಿಂದ ಬಂದಿತು.

2024ರ ಮಳೆ ಚೆನ್ನಾಗಿ ಬಂದಿತು. ನೀರು ಬಂಡೆಯ ಗೀರನ್ನು ಮುಳುಗಿಸಿ, ದಿನದಿನಕ್ಕೂ ಮೇಲೇರಿ, 2025ರ ಜನವರಿಯಲ್ಲಿ ವಾಣೀವಿಲಾಸ ಸಾಗರ ಮತ್ತೆ ಕೋಡಿ ಹರಿಯಿತು. ಅದು ಮೂರನೆಯ ಸಲ. ಈ ಸಲವೂ ಜಿಲ್ಲೆ ಹಿಗ್ಗಿತು, ನಾವೂ ಹಿಗ್ಗಿದೆವು. ಆದರೆ ಮೊದಲು ಹೊಸದುರ್ಗದ ಕಡೆಗೆ ಹೋಗಿ, ಆ ತಾಯಿಯ ಮನೆಯ ಹೊಸ್ತಿಲಿಗೆ ನೀರು ಎಷ್ಟು ದೂರವಿದೆಯೆಂದು ನೋಡಿಕೊಂಡು ಬಂದೆವು. ಮನೆ ಉಳಿದಿತ್ತು. ತೋಟದ ಜಾಗ ಮತ್ತೆ ನೀರಾಗಿತ್ತು. ಆಕೆ ಆ ಕಡೆ ನೋಡಲಿಲ್ಲ. ಹಗ್ಗ ಹೇಗಿದೆಯೆಂದು ಮಾತ್ರ ಕೇಳಿದರು. ಚೆನ್ನಾಗಿ ಹಿಡಿದಿದೆಯೆಂದು ಹೇಳಿದೆವು.

ಮಾರನೆಯ ಬೆಳಗ್ಗೆ ಅಕ್ಕ ಮೊದಲ ಬಾರಿಗೆ ದೋಣಿ ಹತ್ತಿದಳು. ಕಾಲುದಾರಿಯನ್ನು ಮೂರು ಕಡೆ ಕುಳಿತು ಏದುಸಿರು ಬಿಡುತ್ತ ಇಳಿದಿದ್ದಳು. ಮೊಸರನ್ನದ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, ಎರಡು ಕೈಯಿಂದಲೂ ದೋಣಿಯ ಅಂಚನ್ನು ಹಿಡಿದು ಕುಳಿತಳು. ಷಾಮಿಯಾನದವರ ಹಾಯಿ ಗಾಳಿ ತುಂಬಿಕೊಂಡಿತು. ಹಿರಿಯೂರಿನ ಕೀಲು ಸದ್ದಿಲ್ಲದೆ ತಿರುಗಿತು. ಹೊಳಲ್ಕೆರೆಯ ಮುದುಕ ಕೂಡಿಸಿದ ಸಂದುಗಳಲ್ಲಿ ಒಂದು ಹನಿಯೂ ಒಳಗೆ ಬರಲಿಲ್ಲ. ಭಾವನವರು ಚುಕ್ಕಾಣಿ ಹಿಡಿದು ದಡದ ಕಡೆ ಕಣ್ಣು ನೆಟ್ಟಿದ್ದರು.

"ಅಜ್ಜನ ಗೀರು ಎಲ್ಲಿದೆ, ಹೇಳು ನೋಡೋಣ" ಎಂದು ಮೊಮ್ಮಗಳನ್ನು ಕೇಳಿದರು.

ಅವಳು ನೋಟುಪುಸ್ತಕವನ್ನು ತೆರೆಯದೆಯೇ ದೋಣಿಯ ಅಂಚಿನಿಂದ ಬಾಗಿ, ಕೆಳಗೆ, ಹಸಿರಾದ ನೀರಿನೊಳಕ್ಕೆ ಬೆರಳು ತೋರಿಸಿದಳು. ಅಕ್ಕ ಗಾಬರಿಯಿಂದ ಅವಳ ಜಾಕೀಟಿನ ಪಟ್ಟಿಯನ್ನು ಹಿಡಿದಳು. ಹಿಡಿದ ಕೈ ಮತ್ತೆ ದೋಣಿಯ ಅಂಚಿಗೆ ಹೋಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮೊಸರನ್ನದ ಡಬ್ಬಿಯ ಮುಚ್ಚಳವನ್ನು ತೆಗೆಯಿತು.